ಮೈಕ್ರೋವೇವ್ ದೂರದರ್ಶಕದ ಬೀಮ್: ಕೆಲವು ತಪ್ಪು ಕಲ್ಪನೆಗಳು

ಮಹಾಸ್ಫೋಟದಿಂದ ಉಳಿದುಬಂದ ಮೈಕ್ರೋವೇವ್ ವಿಕಿರಣದ ಉಷ್ಣತೆ 2.725 ಕೆಲ್ವಿನ್. ಜಾಗದಿಂದ ಜಾಗಕ್ಕೆ ಅದರಲ್ಲಿ ಕಾಣುವ ಏರಿಳಿತ ಸುಮಾರು 100 ಮೈಕ್ರೋಕೆಲ್ವಿನ್ ಮಾತ್ರ. ಇಷ್ಟು ಸೂಕ್ಷ್ಮವಾದದ್ದನ್ನು ಅಳೆಯಬೇಕಾದರೆ ಉಪಕರಣದ ಬೀಮ್ ಗೊತ್ತಿರಲೇಬೇಕು. ಆಕಾಶದ ಯಾವ ದಿಕ್ಕಿನಿಂದ ಎಷ್ಟು ಶಕ್ತಿ ಒಳಗೆ ಬರುತ್ತದೆ ಎಂಬುದೇ ಬೀಮ್.

ತಪ್ಪು ಕಲ್ಪನೆ: ದೂರದರ್ಶಕ ಗುರಿಯಿಟ್ಟ ಬಿಂದುವನ್ನಷ್ಟೇ ನೋಡುತ್ತದೆ.

ವಾಸ್ತವ: ಈ ವಿಕಿರಣದ ನಕ್ಷೆ ಮಾಡಲು 2009ರಲ್ಲಿ ಹಾರಿದ ಪ್ಲಾಂಕ್ ಉಪಗ್ರಹದ ದೂರದರ್ಶಕದ ಅಗಲ 1.5 ಮೀಟರ್. 30 ಗಿಗಾಹರ್ಟ್ಸ್‌ನಲ್ಲಿ ಅದರ ಬೀಮ್ ಹುಣ್ಣಿಮೆ ಚಂದ್ರನಿಗಿಂತ ತುಸು ಅಗಲ. ಅದಕ್ಕಿಂತ ಚಿಕ್ಕದೆಲ್ಲ ನಕ್ಷೆಯಲ್ಲಿ ಕಲಸಿಹೋಗುತ್ತದೆ.

ತಪ್ಪು ಕಲ್ಪನೆ: ಕನ್ನಡಿಯನ್ನು ಅಂಚಿನವರೆಗೂ ಬಳಸಿದರೆ ಒಳ್ಳೆಯದು.

ವಾಸ್ತವ: ಬೀಮ್ ಕಿರಿದಾಗುತ್ತದೆ, ನಿಜ. ಆದರೆ ಕನ್ನಡಿಯಿಂದ ಬಂದ ಅಲೆಗಳನ್ನು ಹಿಡಿಯುವ ಕೊಳವೆಯ, ಅಂದರೆ ಹಾರ್ನ್‌ನ, ನೋಟ ಅಂಚಿನಾಚೆಗೂ ಚೆಲ್ಲಿ, ಪಕ್ಕದ ದಿಕ್ಕುಗಳಿಂದ ಬೇಡದ ಶಕ್ತಿ ನುಸುಳುತ್ತದೆ. ನೆಲದ ಉಷ್ಣತೆ ಸುಮಾರು 300 ಕೆಲ್ವಿನ್. ಅದರ ಹತ್ತು ಲಕ್ಷದಲ್ಲೊಂದು ಪಾಲು ಒಳಬಂದರೂ 300 ಮೈಕ್ರೋಕೆಲ್ವಿನ್ ಆಯಿತು, ಅಂದರೆ ಹುಡುಕುತ್ತಿರುವ ಏರಿಳಿತದ ಮೂರು ಪಟ್ಟು! ಹಾಗಾಗಿ ಒಳಗೆ ಸಣ್ಣ ಗೀರುಗಳಿರುವ ಹಾರ್ನ್ ಇಟ್ಟು, ಕನ್ನಡಿಯ ಅಂಚಿನ ಹತ್ತಿರ ನೋಟ ಕ್ಷೀಣಿಸುವಂತೆ ಮಾಡುತ್ತಾರೆ. ಸ್ವಲ್ಪ ಅಗಲವಾದರೂ ಚೊಕ್ಕವಾದ ಬೀಮ್ ಮೇಲು ಎಂಬುದು ನನ್ನ ಖಚಿತ ನಿಲುವು. 1965ರಲ್ಲಿ ಈ ವಿಕಿರಣವನ್ನು ಕಂಡುಹಿಡಿದ ಪೆಂಜಿಯಾಸ್ ಮತ್ತು ವಿಲ್ಸನ್ ತಮಗೆ ಸಿಕ್ಕ 3.5 ಕೆಲ್ವಿನ್ ಹೆಚ್ಚುವರಿ ಉಷ್ಣತೆ ನೆಲದ ಶಾಖವಲ್ಲ ಎಂದು ಧೈರ್ಯವಾಗಿ ಹೇಳಿದ್ದರ ಹಿಂದೆ, ನೆಲದ ಶಾಖವನ್ನು ಅತಿ ಕಡಿಮೆ ಒಳಬಿಡುತ್ತಿದ್ದ ಹಾರ್ನ್ ಆಂಟೆನಾದ ಪಾಲು ದೊಡ್ಡದು.

ತಪ್ಪು ಕಲ್ಪನೆ: ಬೀಮ್ ದುಂಡಗೇ ಇರುತ್ತದೆ.

ವಾಸ್ತವ: ಪ್ಲಾಂಕ್‌ನಲ್ಲಿ ಫೋಕಸ್‌ನ ನಡುವಿನಿಂದ ದೂರವಿದ್ದ ಹಾರ್ನ್‌ಗಳ ಬೀಮ್ ಮೊಟ್ಟೆಯಾಕಾರಕ್ಕೆ ಎಳೆದುಕೊಂಡಿತ್ತು. ದಕ್ಷಿಣ ಧ್ರುವದಲ್ಲಿದ್ದ ಬೈಸೆಪ್2ರಂಥ ಉಪಕರಣದಲ್ಲಿ ಬೀಮ್‌ನ ಆಕಾರ ಇನ್ನಷ್ಟು ಕಾಡುತ್ತದೆ. ಅಲೆ ಯಾವ ದಿಕ್ಕಿನಲ್ಲಿ ಹೆಚ್ಚು ಕಂಪಿಸುತ್ತದೆ ಎಂಬುದೇ ಧ್ರುವೀಕರಣ. ಅಲ್ಲಿ ಒಂದೇ ಜಾಗ ನೋಡುತ್ತ ಬೇರೆ ಬೇರೆ ದಿಕ್ಕಿನ ಕಂಪನ ಅಳೆಯುವ ಎರಡು ಡಿಟೆಕ್ಟರ್‌ಗಳ ಅಳತೆಯ ವ್ಯತ್ಯಾಸದಿಂದ ಅದನ್ನು ಅಳೆಯುತ್ತಾರೆ. ಎರಡರ ಬೀಮ್ ಕೂದಲೆಳೆಯಷ್ಟು ಬೇರೆಯಾದರೂ ಉಷ್ಣತೆಯ ಏರಿಳಿತವೇ ಧ್ರುವೀಕರಣದ ವೇಷ ಹಾಕುತ್ತದೆ.

ತಪ್ಪು ಕಲ್ಪನೆ: ಲೆನ್ಸ್, ಫಿಲ್ಟರ್, ಕಿಟಕಿಗಳು ಬರೀ ದಾರಿ ಬಿಡುತ್ತವೆ.

ವಾಸ್ತವ: ಬರಿಯ ಸಿಲಿಕಾನ್ ಲೆನ್ಸ್‌ನ ಒಂದೊಂದು ಮುಖವೂ ಸುಮಾರು 30% ಶಕ್ತಿಯನ್ನು ಹಿಂದಕ್ಕೆ ತಳ್ಳುತ್ತದೆ. ಅದು ಒಳಗೇ ಪುಟಿದು ಆಕಾಶದ ಬೇರೆಲ್ಲೋ ಸುಳ್ಳು ಬಿಂಬ ಮೂಡಿಸಬಲ್ಲದು. ಚಿಲಿಯ ಅಟಕಾಮಾ ದೂರದರ್ಶಕದ ಲೆನ್ಸ್‌ಗಳ ಮೈಮೇಲೆ ತರಂಗಾಂತರಕ್ಕಿಂತ ಸಣ್ಣ ಗೀರುಗಳನ್ನು ಕೊರೆದದ್ದು ಇದನ್ನು ತಡೆಯಲೆಂದೇ.

ತಪ್ಪು ಕಲ್ಪನೆ: ಲ್ಯಾಬಿನಲ್ಲಿ ಒಮ್ಮೆ ಅಳೆದರೆ ಸಾಕು.

ವಾಸ್ತವ: ಬಾಹ್ಯಾಕಾಶದಲ್ಲಿ ಪ್ಲಾಂಕ್‌ನ ಕನ್ನಡಿ ಸುಮಾರು 40 ಕೆಲ್ವಿನ್‌ಗೆ ತಣಿದಿತ್ತು, ಅಷ್ಟು ಚಳಿಗೆ ಲೋಹ, ಕಾರ್ಬನ್ ಎಲ್ಲವೂ ಕುಗ್ಗಿ ಆಕಾರ ಬದಲಾಗುತ್ತದೆ. ಆದ್ದರಿಂದ ಹಾರಿದ ಮೇಲೆ ದೂರದರ್ಶಕದ ನೋಟವನ್ನು ಮಂಗಳ, ಗುರು, ಶನಿ ಗ್ರಹಗಳ ಮೇಲೆ ಮತ್ತೆ ಮತ್ತೆ ಹಾಯಿಸಿ, ಅವು ನಕ್ಷೆಯಲ್ಲಿ ಮೂಡಿದ ಆಕಾರದಿಂದಲೇ ಬೀಮನ್ನು ಅಳೆದರು.