ಹೊಸ ಬಾಕ್ಸ್ ಹಾಕಿದರೂ ಸ್ಟೇರಿಂಗ್ ಸರಿ ಇಲ್ಲವೇ?

ನಮ್ಮ ಪಂಚನಹಳ್ಳಿ ಕಡೆ ತೆಂಗು ಹೆಚ್ಚು. ಕಾಯಿ, ಕೊಬ್ಬರಿ ತುಂಬಿದ ಲಾರಿಗಳು ತಿಪಟೂರು, ಅರಸೀಕೆರೆ ಕಡೆ ಹೋಗುತ್ತವೆ. ಅಷ್ಟು ಭಾರದ ಲಾರಿ ಡ್ರೈವರ್ ಹೇಳಿದ ಕಡೆಗೇ ತಿರುಗಬೇಕು. ತಿರುಗಿಸುವುದು ಸ್ಟೇರಿಂಗ್. ಅದು ಮಾತು ಕೇಳದಿದ್ದರೆ ಏನು ಗತಿ? ಡ್ರೈವರ್, ಕ್ಲೀನರ್ ಜೀವಕ್ಕೆ ಅಪಾಯ. ಎದುರಿಗೆ ಸೈಕಲ್ ಮೇಲೆ ಬರುವವರ ಜೀವಕ್ಕೂ ಅಪಾಯ.

ಸ್ಟೇರಿಂಗ್ ಬಾಕ್ಸ್ ಸವೆದರೆ ಬೇರೆ ಹಾಕಿಸುತ್ತೇವೆ. ಹಣ ಖರ್ಚಾಗುತ್ತೆ. ಆದರೂ ಕೆಲವು ಸಲ ತೊಂದರೆ ಹೋಗುವುದಿಲ್ಲ. ಆಗ "ಈ ಬಾಕ್ಸೇ ಸರಿ ಇಲ್ಲ" ಅಂತ ಮತ್ತೆ ಬಿಚ್ಚಿಸುತ್ತಾರೆ. ಬಿಚ್ಚುವ ಮೊದಲು ಒಂದೊಂದಾಗಿ ನೋಡೋಣ ಬನ್ನಿ.

ಬಾಕ್ಸ್ ಏನು ಮಾಡುತ್ತೆ?

ನಾವು ಸ್ಟೇರಿಂಗ್ ತಿರುಗಿಸಿದರೆ ಬಾಕ್ಸ್ ಒಳಗಿನ ಹಲ್ಲುಗಳು ತಿರುಗುತ್ತವೆ. ನಮ್ಮ ಕೈಯ ಸಣ್ಣ ಬಲವನ್ನು ದೊಡ್ಡದು ಮಾಡುತ್ತವೆ. ಬಾಕ್ಸ್‌ಗೆ ಡ್ರಾಪ್ ಆರ್ಮ್ ಸೇರಿದೆ. ಅದು ಡ್ರ್ಯಾಗ್ ಲಿಂಕನ್ನು ತಳ್ಳುತ್ತೆ. ಡ್ರ್ಯಾಗ್ ಲಿಂಕ್ ಒಂದು ಗಾಲಿಯನ್ನು ತಿರುಗಿಸುತ್ತೆ. ಟೈ ರಾಡ್ ಇನ್ನೊಂದು ಗಾಲಿಯನ್ನೂ ತಿರುಗಿಸುತ್ತೆ. ಇದೊಂದು ಸರಪಳಿ ಇದ್ದಂತೆ. ಬಾಕ್ಸ್ ಅದರಲ್ಲಿ ಒಂದು ಕೊಂಡಿ ಮಾತ್ರ.

ಆಟ ಹೆಚ್ಚಾಗಿದೆಯೇ?

ಸ್ಟೇರಿಂಗ್ ತಿರುಗಿದರೂ ಗಾಲಿ ಅಲ್ಲಾಡದಿದ್ದರೆ ಅದಕ್ಕೆ ಆಟ ಅನ್ನುತ್ತೇವೆ. ಈ ಆಟ 30 ಡಿಗ್ರಿ ಮೀರಬಾರದು. ಇದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಮಾತು. 30 ಡಿಗ್ರಿ ಎಷ್ಟು? ಗಡಿಯಾರದಲ್ಲಿ 12ರಿಂದ 1ರವರೆಗೆ ಇರುವಷ್ಟು.

ಪರೀಕ್ಷೆಗೆ ಇಬ್ಬರು ಬೇಕು. ಲಾರಿ ಸಮನೆಲದಲ್ಲಿರಲಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಹ್ಯಾಂಡ್ ಬ್ರೇಕ್ ಹಾಕಿ, ಗಾಲಿಗೆ ಕಲ್ಲು ಕೊಡಿ. ಪವರ್ ಸ್ಟೇರಿಂಗ್ ಇದ್ದರೆ ಇಂಜಿನ್ ಓಡುತ್ತಿರಬೇಕು. ಒಬ್ಬರು ಸ್ಟೇರಿಂಗನ್ನು ಆ ಕಡೆ ಈ ಕಡೆ ಸ್ವಲ್ಪ ಅಲ್ಲಾಡಿಸಲಿ. ಇನ್ನೊಬ್ಬರು ಪಕ್ಕದಿಂದ ನೋಡಲಿ. ಕೈ, ತಲೆ ಗಾಲಿಯ ಹತ್ತಿರ ಹಾಕಬಾರದು.

ಬಾಕ್ಸೇ ಅಲ್ಲಾಡಿದರೆ ಅದರ ಬೋಲ್ಟ್ ಸಡಿಲ. ಡ್ರಾಪ್ ಆರ್ಮ್ ತಿರುಗಿ, ಡ್ರ್ಯಾಗ್ ಲಿಂಕ್ ತಡವಾಗಿ ಅಲ್ಲಾಡಿದರೆ ಅಲ್ಲಿನ ಬಾಲ್ ಜಾಯಿಂಟ್ ಸವೆದಿದೆ. ಚಲನೆ ಎಲ್ಲಿ ನಿಲ್ಲುತ್ತೋ ರೋಗ ಅಲ್ಲಿದೆ. ಅದನ್ನು ಬಿಟ್ಟು ಬಾಕ್ಸ್‌ನ ಸ್ಕ್ರೂ ಬಿಗಿ ಮಾಡಿಸಬೇಡಿ. ಆಟ ಉಳಿಯುತ್ತೆ, ಸ್ಟೇರಿಂಗೂ ಬಿಗಿಯಾಗುತ್ತೆ.

ಸ್ಟೇರಿಂಗ್ ಸೊಟ್ಟ ನಿಲ್ಲುತ್ತಾ?

ಲಾರಿ ನೇರ ಹೋಗುವಾಗ ಬಾಕ್ಸ್ ಸರಿಯಾಗಿ ನಡುವೆ ಇರಬೇಕು. ಡ್ರಾಪ್ ಆರ್ಮ್ ಹಾಕುವ ಮೊದಲೇ ಇದನ್ನು ನೋಡಬೇಕು. ಸ್ಟೇರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ, ಸುತ್ತು ಎಣಿಸಿ. 5 ಸುತ್ತು ಬಂದರೆ ಎರಡೂವರೆ ಸುತ್ತು ಹಿಂದಕ್ಕೆ ತನ್ನಿ. ಅದೇ ನಡು. ಗಾಲಿಗಳನ್ನೂ ನೇರ ಮಾಡಿ. ಆಮೇಲೆ ಆರ್ಮ್ ಮೇಲಿನ ಗುರುತಿಗೂ ಬಾಕ್ಸ್ ಮೇಲಿನ ಗುರುತಿಗೂ ಸರಿ ಹೊಂದಿಸಿ ಹಾಕಿಸಿ. ಒಂದು ಹಲ್ಲು ತಪ್ಪಿದರೂ ಲಾರಿ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ತಿರುಗುತ್ತೆ. ಆರ್ಮ್‌ಗೆ ವೆಲ್ಡಿಂಗ್ ಮಾಡಿಸಬೇಡಿ. ಕಾಯಿಸಿ ಬಗ್ಗಿಸಲೂ ಬೇಡಿ.

ಸ್ಟೇರಿಂಗ್ ಭಾರವೇ?

ಪವರ್ ಸ್ಟೇರಿಂಗ್ ಇದ್ದರೆ ಮೊದಲು ಆಯಿಲ್ ನೋಡಿ. ಬಾಕ್ಸ್ ಬದಲಾಯಿಸುವಾಗ ಪೈಪಿನೊಳಗೆ ಗಾಳಿ ಸೇರುತ್ತೆ. ಆಗ ಆಯಿಲ್‌ನಲ್ಲಿ ನೊರೆ ಬರುತ್ತೆ, ಪಂಪು ಗುಂಯ್ ಅನ್ನುತ್ತೆ. ಲಾರಿ ಪುಸ್ತಕದಲ್ಲಿ ಬರೆದ ಆಯಿಲನ್ನೇ ತುಂಬಿ. ಇಂಜಿನ್ ನಿಧಾನಕ್ಕೆ ಓಡಿಸಿ. ಸ್ಟೇರಿಂಗನ್ನು ಎರಡೂ ಕಡೆ ಮೆಲ್ಲಗೆ ತಿರುಗಿಸಿ. ತುದಿಯಲ್ಲಿ ಒತ್ತಿ ಹಿಡಿಯಬೇಡಿ, ಪಂಪು ಕೆಡುತ್ತೆ. ಗುಳ್ಳೆ ನಿಲ್ಲುವವರೆಗೆ ಹೀಗೆ ಮಾಡಿ. ಆಯಿಲ್ ಇಳಿದರೆ ಮತ್ತೆ ತುಂಬಿ. ಪಂಪು ಬೆಲ್ಟಿನಿಂದ ತಿರುಗುವ ಲಾರಿಯಾದರೆ ಬೆಲ್ಟ್ ಸಡಿಲವೇ ನೋಡಿ. ಪೈಪು ಮಡಿಚಿದೆಯೇ ಅದನ್ನೂ ನೋಡಿ.

ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರುತ್ತಿಲ್ಲವೇ? ಕಿಂಗ್ ಪಿನ್‌ಗೆ ಗ್ರೀಸ್ ಇಲ್ಲದಿರಬಹುದು. ಬಾಕ್ಸ್ ಬಿಗಿ ಹೆಚ್ಚಾಗಿರಬಹುದು.

ಲಾರಿ ಒಂದೇ ಕಡೆ ಎಳೆಯುತ್ತಾ? ಮುಂದಿನ ಎರಡು ಟೈರಿನ ಗಾಳಿ ಅಳೆಸಿ. ಒಂದು ಗಾಲಿಯ ಬ್ರೇಕ್ ಹಿಡಿದುಕೊಂಡಿದೆಯೇ ನೋಡಿ.

ಲೋಡ್ ತುಂಬುವ ಮೊದಲು

ಬಾಕ್ಸ್ ಬೋಲ್ಟ್, ಡ್ರಾಪ್ ಆರ್ಮ್ ನಟ್ಟು, ಕಾಟರ್ ಪಿನ್ನುಗಳನ್ನು ಕಣ್ಣಾರೆ ನೋಡಿ. ಖಾಲಿ ಲಾರಿಯನ್ನು ಜನ ಇಲ್ಲದ ಕಡೆ ನಿಧಾನಕ್ಕೆ ಓಡಿಸಿ. ಬಂದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಸರಿ ಅನ್ನಿಸದಿದ್ದರೆ ಲೋಡ್ ತುಂಬಬೇಡಿ. ಮಾಲೀಕರು ಅವಸರ ಮಾಡಿದರೂ ಬೇಡ.

ಬಾಕ್ಸ್ ಹಾಕಿದ ದಿನ, ಓಡಿದ ಕಿಲೋಮೀಟರ್, ಹಾಕಿದ ಆಯಿಲ್ ಹೆಸರು ಬರೆದಿಡಿ. ಈಗ ನಮಗೆ ಬರೆಯಲು ಬರುತ್ತೆ. ಬರೆದದ್ದು ಮುಂದಿನ ರಿಪೇರಿಗೆ ದಾರಿ ತೋರಿಸುತ್ತೆ.