ನಿಮಗಿದು ಗೊತ್ತೆ? ಅಮೆರಿಕದಲ್ಲಿ ಹೆಣ್ಣಾಗಿ ಹುಟ್ಟಿದ ಪಾಂಡವರು!

ಪಂಚಪಾಂಡವರು ಈ ಕಾಲದಲ್ಲಿ ಹೆಣ್ಣುಮಕ್ಕಳಾಗಿ ಮತ್ತೆ ಹುಟ್ಟಿದರೆ? ಅಮೆರಿಕದ ಲೇಖಕಿ ರೋಶನಿ ಚೋಕ್ಷಿ ಅವರ ಮಕ್ಕಳ ಕಾದಂಬರಿ ‘ಅರು ಷಾ ಅಂಡ್ ದಿ ಎಂಡ್ ಆಫ್ ಟೈಮ್’ ಹುಟ್ಟಿದ್ದು ಈ ಸೊಗಸಾದ ಕಲ್ಪನೆಯಿಂದ. ಇದು ಪ್ರಕಟವಾದದ್ದು 2018ರಲ್ಲಿ.

● ಅಟ್ಲಾಂಟಾ ನಗರದ ಹನ್ನೆರಡು ವರ್ಷದ ಹುಡುಗಿ ಅರು. ಅವಳ ಮನೆ ಇರುವುದೇ ಪ್ರಾಚೀನ ಭಾರತೀಯ ಕಲೆಯ ವಸ್ತುಸಂಗ್ರಹಾಲಯದಲ್ಲಿ. ಸಹಪಾಠಿಗಳು ಪಂಥ ಕಟ್ಟಿದರೆಂದು ಅವಳು ಶಾಪಗ್ರಸ್ತ ದೀಪವೊಂದನ್ನು ಹಚ್ಚುತ್ತಾಳೆ. ಅದರಲ್ಲಿ ಬಂಧಿಯಾಗಿದ್ದ ದುಷ್ಟಶಕ್ತಿ ಹೊರಬರುತ್ತದೆ. ಅಮ್ಮನೂ ಗೆಳೆಯರೂ ನಿಂತಲ್ಲೇ ಸ್ತಬ್ಧರಾಗುತ್ತಾರೆ.

● ಅರು ಇಂದ್ರನ ಮಗಳು, ಅರ್ಜುನನ ಪುನರ್ಜನ್ಮ. ಜೊತೆಗಾತಿ ಮಿನಿ ಯಮಧರ್ಮನ ಮಗಳು, ಧರ್ಮರಾಯನ ಪುನರ್ಜನ್ಮ. ದಾರಿ ತೋರುವುದು ಮಾತಾಡುವ ಪಾರಿವಾಳ!

● ಇಂದ್ರನ ವಜ್ರಾಯುಧ ಇಲ್ಲಿ ಪುಟ್ಟ ಚೆಂಡು. ಯಮದಂಡ ಮೇಕಪ್ಪಿನ ಪುಟ್ಟ ಕನ್ನಡಿಯ ರೂಪದಲ್ಲಿದೆ.

● ಪಾಂಡವ ಸರಣಿಯಲ್ಲಿ ಒಟ್ಟು ಐದು ಪುಸ್ತಕಗಳಿವೆ. ಕೊನೆಯದು ಬಂದದ್ದು 2022ರಲ್ಲಿ. ಭೀಮನ ಅಂಶದ ಬ್ರಿನ್, ನಕುಲ–ಸಹದೇವರ ಅಂಶದ ಅವಳಿ ಸೋದರಿಯರು ಮುಂದಿನ ಭಾಗಗಳಲ್ಲಿ ಜೊತೆಯಾಗುತ್ತಾರೆ.

● ಗ್ರೀಕ್ ಪುರಾಣ ಆಧರಿಸಿದ ‘ಪರ್ಸಿ ಜಾಕ್ಸನ್’ ಖ್ಯಾತಿಯ ರಿಕ್ ರಿಯೊರ್ಡನ್ ಹೆಸರಿನಲ್ಲಿ ಡಿಸ್ನಿ ಆರಂಭಿಸಿದ ಪುಸ್ತಕ ಮಾಲೆಯ ಮೊದಲ ಕೃತಿ ಇದೇ. ಬೇರೆ ಬೇರೆ ಸಂಸ್ಕೃತಿಗಳ ಪುರಾಣಗಳನ್ನು ಆಯಾ ಹಿನ್ನೆಲೆಯ ಲೇಖಕರಿಂದಲೇ ಬರೆಸುವುದು ಈ ಮಾಲೆಯ ಉದ್ದೇಶ.

● ಲೇಖಕಿಯ ತಂದೆ ಗುಜರಾತಿ ಮೂಲದವರು, ತಾಯಿ ಫಿಲಿಪ್ಪೀನ್ಸ್ ಮೂಲದವರು.

ಮಹಾಭಾರತವನ್ನು ಮಕ್ಕಳ ಕೈಗಿಡಲು ಎಷ್ಟೊಂದು ಹೊಸ ದಾರಿಗಳಿವೆ ಎಂಬುದಕ್ಕೆ ಅರು ಒಳ್ಳೆಯ ಉದಾಹರಣೆ.