ಹೆರಿಗೆಯ ಹೊತ್ತಿನಲ್ಲಿ ವಂಕಿ: ಮೊದಲೇ ತಿಳಿದಿರಬೇಕಾದ ಸಂಗತಿಗಳು

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಬಹಳ ಮಂದಿಯ ಮನೆಯವರು ಹೆರಿಗೆಗೆ ತವರಿಗೆ ಹೋಗುತ್ತಾರೆ. ಕಲಬುರಗಿ, ವಿಜಯಪುರ, ರಾಯಚೂರು ಕಡೆಯ ಸರಕಾರಿ ದವಾಖಾನೆಯಲ್ಲಿ ಹೆರಿಗೆಯಾಗಿ, ಬಾಣಂತನ ಮುಗಿಸಿಕೊಂಡು, ಕೂಸಿನೊಡನೆ ಮುಂಬಯಿಗೆ ಮರಳುತ್ತಾರೆ. ಅವರು ತಂದ ಚೀಟಿಯಲ್ಲಿ ‘ಕಾಪರ್ ಟಿ’ ಎಂದೋ ‘ಪಿ.ಪಿ.ಐ.ಯು.ಸಿ.ಡಿ.’ ಎಂದೋ ಬರೆದಿರುವುದುಂಟು. ಇದರ ಅರ್ಥ ಗಂಡನಿಗೆ ತಿಳಿದಿರುವುದಿಲ್ಲ. ಒಮ್ಮೊಮ್ಮೆ ಬಾಣಂತಿಗೂ ಯಾರೂ ಬಿಡಿಸಿ ಹೇಳಿರುವುದಿಲ್ಲ. ಆದುದರಿಂದ ಈ ಸಂಚಿಕೆಯಲ್ಲಿ ಅದನ್ನೇ ಬರೆಯುತ್ತಿದ್ದೇವೆ. ನಾವು ವೈದ್ಯರಲ್ಲ, ಗಿರಣಿಯಲ್ಲಿ ಲೆಕ್ಕ ಬರೆಯುವವರು. ಇಲ್ಲಿರುವುದನ್ನು ತಿಳಿದುಕೊಂಡು, ಸಂಶಯವಿದ್ದುದನ್ನು ಡಾಕ್ಟರರಲ್ಲಿ ಕೇಳಿಕೊಳ್ಳಬೇಕು.

ವಂಕಿ ಎಂದರೇನು?

ಊರ ಕಡೆ ವಂಕಿ, ಇಲ್ಲಿಯ ಮರಾಠಿಯಲ್ಲಿ ತಾಂಬಿ, ದವಾಖಾನೆಯಲ್ಲಿ ಕಾಪರ್ ಟಿ — ಮೂರೂ ಒಂದೇ. ಇಂಗ್ಲಿಷ್ ‘ಟಿ’ ಅಕ್ಷರದ ಆಕಾರದ, ಒಂದೂವರೆ ಇಂಚಿಗೂ ಕಡಿಮೆ ಉದ್ದದ ಮೆದು ಪ್ಲಾಸ್ಟಿಕ್ಕಿಗೆ ತಾಮ್ರವನ್ನು ಸುತ್ತಿರುತ್ತಾರೆ. ಕೆಳತುದಿಗೆ ಸಣ್ಣ ನೂಲು ಇರುತ್ತದೆ. ಇದನ್ನು ಗರ್ಭಕೋಶದ ಒಳಗೆ ಇಡುತ್ತಾರೆ. ತಾಮ್ರದ ಅಂಶವು ಗಂಡಿನ ವೀರ್ಯಾಣುಗಳನ್ನು ನಿಶ್ಶಕ್ತಗೊಳಿಸುವುದರಿಂದ ಗರ್ಭ ಕಟ್ಟುವುದಿಲ್ಲ. ಕಟ್ಟಿದ ಗರ್ಭವನ್ನು ಇಳಿಸುವ ಸಾಧನ ಇದಲ್ಲ.

ಸರಕಾರಿ ದವಾಖಾನೆಗಳಲ್ಲಿ ಎರಡು ಬಗೆಯವು ಪುಕ್ಕಟೆಯಾಗಿ ಸಿಗುತ್ತವೆ. 380ಎ ಎಂಬುದು 10 ವರ್ಷ, 375 ಎಂಬುದು 5 ವರ್ಷ ಕೆಲಸ ಮಾಡುತ್ತದೆ. ವಂಕಿ ಹಾಕಿಸಿಕೊಂಡ ನೂರು ಮಂದಿಯಲ್ಲಿ ಮೊದಲ ವರ್ಷ ಒಬ್ಬರಿಗೂ ಗರ್ಭ ನಿಲ್ಲುವುದು ಅಪರೂಪ. ಮಗು ಬೇಕೆನಿಸಿದಾಗ ತೆಗೆಸಿದರೆ ಬೇಗನೆ ಮತ್ತೆ ಗರ್ಭ ನಿಲ್ಲಬಹುದು. ಆದರೆ ಗುಹ್ಯರೋಗಗಳಿಂದಾಗಲಿ ಎಚ್.ಐ.ವಿ.ಯಿಂದಾಗಲಿ ಇದು ರಕ್ಷಣೆ ಕೊಡುವುದಿಲ್ಲ; ಅದಕ್ಕೆ ನಿರೋಧವೇ ಬೇಕು.

ಹೆರಿಗೆಯ ಹೊತ್ತಿನಲ್ಲೇ ಏಕೆ?

‘ಕೂಸು ಹಾಲು ಕುಡಿಯುವತನಕ ಬಸಿರಾಗುವುದಿಲ್ಲ’ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಇದು ಅರ್ಧ ನಿಜ. ಕೂಸಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿಯೂ ಎದೆಹಾಲನ್ನೇ ಕೊಡುತ್ತಿರಬೇಕು, ಮುಟ್ಟು ಮರಳಿ ಬಂದಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಭರವಸೆಯಿಲ್ಲ. ಮೊದಲ ಮುಟ್ಟು ಕಾಣುವ ಮುಂಚೆಯೇ ಗರ್ಭ ನಿಲ್ಲಬಹುದು. ಒಂದು ಹೆರಿಗೆಯಾದ ಮೇಲೆ ಮತ್ತೆ ಬಸಿರಾಗಲು ಕಡಿಮೆಯೆಂದರೂ ಎರಡು ವರ್ಷ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಣಂತನ ಮುಗಿಸಿ ಈ ಊರಿಗೆ ಬಂದ ಮೇಲೆ ನೀರು, ಅಡಿಗೆ, ಕೂಸು ಎಂದು ದವಾಖಾನೆಯ ದಾರಿ ಹಿಡಿಯಲು ಪುರುಸೊತ್ತಾಗುವುದಿಲ್ಲ. ಹೆರಿಗೆಗೆ ಹೋದಲ್ಲಿಯೇ ಕೆಲಸ ಮುಗಿಯುವುದು ಇದರ ದೊಡ್ಡ ಅನುಕೂಲ.

ಇದಕ್ಕೆ ಹೊತ್ತುಗಳು ಗೊತ್ತಾಗಿವೆ. ಮಾಸು ಬಿದ್ದ 10 ನಿಮಿಷದೊಳಗೆ ಹಾಕುವುದು ಒಂದು. ಸಿಸೇರಿಯನ್ ಆದರೆ ಹೊಲಿಗೆ ಹಾಕುವ ಮುಂಚೆ ಇಡುವುದು ಇನ್ನೊಂದು. ಅದೂ ತಪ್ಪಿದರೆ 48 ಗಂಟೆಯೊಳಗೆ ಹಾಕಬಹುದು. ಆಮೇಲೆ ಆರು ವಾರ ತುಂಬುವವರೆಗೆ ಹಾಕುವಂತಿಲ್ಲ. ಏತಕ್ಕೆಂದರೆ ಆ ದಿನಗಳಲ್ಲಿ ಗರ್ಭಕೋಶ ಕುಗ್ಗುತ್ತಿರುತ್ತದೆ. ವಂಕಿ ಜಾರುವ, ನಂಜಾಗುವ, ಗೋಡೆಗೆ ಚುಚ್ಚುವ ಭಯ ಹೆಚ್ಚು.

ಒಪ್ಪಿಗೆಯ ಮಾತು

ಹೆರಿಗೆ ನೋವು ತಿನ್ನುತ್ತಿರುವಾಗ ಕೇಳಿ ಒಪ್ಪಿಸುವ ಸಂಗತಿ ಇದಲ್ಲ. ಬಸಿರಿನ ತಪಾಸಣೆಗೆ ಹೋದಾಗಲೇ ಗಂಡಹೆಂಡಿರು ಕೂಡಿ ಯೋಚಿಸಬೇಕು. ಬೇಕೆಂದಾಗಲಿ ಬೇಡವೆಂದಾಗಲಿ ತೀರ್ಮಾನಿಸಿ ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡಿನಲ್ಲಿ ಬರೆಸಬೇಕು. ಬೇಕಾದದ್ದು ಹೆರುವವಳ ಒಪ್ಪಿಗೆ. ಗಂಡನ ಬಲವಂತವೂ ಸಲ್ಲದು, ಅತ್ತೆಯ ಬಲವಂತವೂ ಸಲ್ಲದು, ದವಾಖಾನೆಯ ಬಲವಂತವಂತೂ ಸಲ್ಲವೇ ಸಲ್ಲದು. ಬೇಡವೆಂದರೆ ಹೆರಿಗೆಯ ಆರೈಕೆಯಲ್ಲಿ ಏನೂ ಕಡಿಮೆ ಮಾಡುವಂತಿಲ್ಲ.

ಒಪ್ಪಿದ್ದರೂ ಕೆಲವು ವೇಳೆ ಡಾಕ್ಟರರೇ ಹಾಕುವುದಿಲ್ಲ. ಜ್ವರ ಅಥವಾ ನಂಜಿನ ಲಕ್ಷಣವಿದ್ದರೆ, ನೆತ್ತಿನೀರು ಒಡೆದು 18 ಗಂಟೆ ಮೀರಿದ್ದರೆ, ರಕ್ತಸ್ರಾವ ಹತೋಟಿಗೆ ಬಾರದಿದ್ದರೆ ಆಗ ಬೇಡ. ಆರು ವಾರದ ನಂತರ ಮತ್ತೆ ವಿಚಾರಿಸಬಹುದು.

ಹಾಕಿದ ಮೇಲೆ

ಎದೆಹಾಲು ಕಡಿಮೆಯಾಗುತ್ತದೆಂಬುದು ಸುಳ್ಳು. ಹೊಟ್ಟೆಯಿಂದ ಎದೆಗೆ ಏರುತ್ತದೆಂಬುದೂ ಸುಳ್ಳು. ಆದರೆ ತೊಂದರೆಯೇ ಇಲ್ಲವೆಂದು ನಾವು ಹೇಳುವುದಿಲ್ಲ. ಮುಟ್ಟು ಮರಳಿದಾಗ ಮೊದಲ ಕೆಲವು ತಿಂಗಳು ರಕ್ತ ಹೆಚ್ಚು ಹೋಗಬಹುದು, ಕಿಬ್ಬೊಟ್ಟೆ ನೋಯಬಹುದು. ಮುಖ್ಯವಾದ ಮಾತು ಇನ್ನೊಂದಿದೆ: ಹೆರಿಗೆಯಾದೊಡನೆ ಹಾಕಿದ ವಂಕಿ, ಆಮೇಲೆ ಹಾಕಿದ್ದಕ್ಕಿಂತ ಹೆಚ್ಚು ಸಲ ತಾನಾಗಿ ಜಾರಿಬೀಳುತ್ತದೆ. ನೂರರಲ್ಲಿ ಸುಮಾರು ಹತ್ತು ಮಂದಿಗೆ ಹೀಗಾಗುತ್ತದೆ. ಸಿಸೇರಿಯನ್ನಿನಲ್ಲಿ ಹಾಕಿದ್ದರೆ ಇನ್ನೂ ಕಡಿಮೆ. ಬಿದ್ದುದು ಗೊತ್ತಾಗದೆಯೂ ಇರಬಹುದು. ‘ವಂಕಿ ಇದೆಯಲ್ಲ’ ಎಂದು ನಿಶ್ಚಿಂತೆಯಿಂದ ಇದ್ದವರು ಮತ್ತೆ ಬಸಿರಾಗುವುದು ಹೀಗೆ. ಆದುದರಿಂದ ಆರು ವಾರಕ್ಕೆ ಒಮ್ಮೆ ತೋರಿಸಲೇಬೇಕು. ನೂಲು ಉದ್ದವಿದ್ದರೆ ಅಲ್ಲಿ ಕತ್ತರಿಸುತ್ತಾರೆ. ಕಾಣದಿದ್ದರೆ ಸೋನೋಗ್ರಾಫಿ ಮಾಡಿ ವಂಕಿ ಎಲ್ಲಿದೆಯೆಂದು ನೋಡುತ್ತಾರೆ.

ಜ್ವರ, ದುರ್ವಾಸನೆಯ ಸ್ರಾವ, ತಡೆಯಲಾರದ ಹೊಟ್ಟೆನೋವು, ವಿಪರೀತ ರಕ್ತ, ಗಟ್ಟಿ ಪ್ಲಾಸ್ಟಿಕ್ ಕೈಗೆ ತಗಲುವುದು — ಇವುಗಳಲ್ಲಿ ಒಂದು ಕಂಡರೂ ಆರು ವಾರ ಕಾಯದೆ ಅದೇ ದಿನ ಹೋಗಬೇಕು.

ಹಿಂದಿನ ಪಾಠ

ಇಂಥ ವಿಷಯವನ್ನು ವಾಚನಾಲಯದ ಪತ್ರಿಕೆಯಲ್ಲಿ ಬರೆಯಬಹುದೆ ಎಂದು ಕೆಲವರಿಗೆ ತೋರಬಹುದು. ಇದೇ ಮುಂಬಯಿಯಲ್ಲಿ 1921ರಲ್ಲಿ ರಘುನಾಥ ಧೋಂಡೋ ಕರ್ವೆಯವರು ಸಂತತಿ ನಿಯಮನದ ಕೇಂದ್ರ ತೆರೆದರು. 1930ರಲ್ಲಿ ಮೈಸೂರು ಸರಕಾರವು ತನ್ನ ಆಸ್ಪತ್ರೆಗಳಲ್ಲಿ ಇಂಥ ಕೇಂದ್ರಗಳನ್ನು ತೆರೆಯಲು ಅಪ್ಪಣೆ ಮಾಡಿತು. ನಮ್ಮ ಹಿರಿಯರು ನಾಚದೆ ಆಡಿದ ಮಾತನ್ನು ನಾವು ಈಗ ನಾಚಿ ನುಂಗಬೇಕಾಗಿಲ್ಲ.

1965ರಲ್ಲಿ ಭಾರತ ಸರಕಾರ ‘ಲಿಪ್ಪೀಸ್ ಲೂಪ್’ ಎಂಬ ತಾಮ್ರವಿಲ್ಲದ ವಂಕಿಯನ್ನು ದೇಶದಾದ್ಯಂತ ಹಾಕಿಸತೊಡಗಿತು. ಹಾಕುವ ಆತುರ ಹೆಚ್ಚಾಯಿತು. ರಕ್ತ ಹೋಗುತ್ತದೆಂದು ಮೊದಲೇ ಹೇಳುವವರೂ, ಆಮೇಲೆ ವಿಚಾರಿಸುವವರೂ ಕಡಿಮೆಯಾದರು. ಗಾಳಿಮಾತು ಹಬ್ಬಿತು, ಒಂದೆರಡು ವರ್ಷಗಳಲ್ಲಿ ಜನ ಹಿಂದೆ ಸರಿದರು. ಸಾಧನಕ್ಕಿಂತ ಹೆಚ್ಚಾಗಿ ತಿಳಿವಳಿಕೆ ಹೇಳದ ರೀತಿಯೇ ಅದಕ್ಕೆ ಕೆಟ್ಟ ಹೆಸರು ತಂದಿತು.

ಎರಡು ಊರಿನ ಸಂಸಾರಕ್ಕೆ

ಅಲ್ಲಿ ಹಾಕಿಸಿ ಇಲ್ಲಿ ತೋರಿಸುವ ನಮ್ಮಂಥವರು ಮೂರು ಕೆಲಸ ಮಾಡಬೇಕು. ಊರಿನ ದವಾಖಾನೆ ಬಿಡುವ ಮುಂಚೆ ‘ವಂಕಿ ಹಾಕಿದ್ದೀರಾ?’ ಎಂದು ಕೇಳಿ, ಹಾಕಿದ್ದರೆ ಬಗೆ, ತಾರೀಖು, ತೆಗೆಸಬೇಕಾದ ವರ್ಷ ಬರೆಸಿಕೊಳ್ಳಬೇಕು. ಆರು ವಾರದ ತಪಾಸಣೆಯನ್ನು ತವರಿನಲ್ಲಿರುವಾಗಲೇ ಮುಗಿಸಬೇಕು. ಆಗದಿದ್ದರೆ ಇಲ್ಲಿಗೆ ಬಂದ ವಾರದಲ್ಲೇ ಮುನಿಸಿಪಾಲಿಟಿಯ ಹೆರಿಗೆ ಆಸ್ಪತ್ರೆಗೆ ಚೀಟಿಯೊಡನೆ ಹೋಗಿ ‘ತಾಂಬಿ ತಪಾಸಣೆ’ ಎಂದರೆ ಸಾಕು. ಆ ಚೀಟಿಯನ್ನು ರೇಶನ್ ಕಾರ್ಡಿನ ಜೊತೆಯಲ್ಲೇ ಜೋಪಾನವಾಗಿ ಇಡಬೇಕು.

ಚೀಟಿಯ ಇಂಗ್ಲಿಷಾಗಲಿ ಮರಾಠಿಯಾಗಲಿ ತಿಳಿಯದಿದ್ದರೆ ಸಂಜೆ ವಾಚನಾಲಯಕ್ಕೆ ತನ್ನಿರಿ. ಓದಿ ಕನ್ನಡದಲ್ಲಿ ಹೇಳುತ್ತೇವೆ. ಕೇಳಿದ ಮಾತು ನಮ್ಮಿಂದ ಹೊರಗೆ ಹೋಗುವುದಿಲ್ಲ.